ಬಹುಕಾಲ ಉಳಿಯುವ ಕೀಟನಾಶಕಗಳೂ ಪುರುಷರ ಸಂತಾನಶಕ್ತಿಯೂ

ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲೂಕಿನ ಸಂತೆಗುಳಿಯಂತಹ ಊರುಗಳಲ್ಲಿ ನೆಲದ ಏರ್ಪಾಡು ಬಹುಮಟ್ಟಿಗೆ ಒಂದೇ ಬಗೆಯಾಗಿರುತ್ತದೆ. ಎತ್ತರದಲ್ಲಿ ಬೆಟ್ಟ, ಬೆಟ್ಟದ ಬುಡದಲ್ಲಿ ಮನೆ, ಬಾವಿ ಮತ್ತು ಕೊಟ್ಟಿಗೆ, ಅದರ ಕೆಳಗೆ ಅಡಿಕೆ ತೆಂಗುಗಳ ತೋಟ, ತೋಟದ ಕೆಳಗೆ ಭತ್ತದ ಗದ್ದೆ, ಗದ್ದೆಯ ಅಂಚಿನಲ್ಲಿ ಹಳ್ಳ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಬೀಳುವ ಮಳೆಯು ಮೇಲಿನ ಮಣ್ಣನ್ನು ತೊಳೆದು ಕೆಳಕ್ಕೆ ಇಳಿಸುತ್ತದೆ. ಆದಕಾರಣ ಮೇಲಿನ ಹಿಡುವಳಿದಾರನು ತನ್ನ ನೆಲಕ್ಕೆ ಹಾಕಿದ ಪದಾರ್ಥವು ಕೆಳಗಿನವನ ನೆಲಕ್ಕೂ ನೀರಿಗೂ ಸೇರದೆ ಇರುವುದಿಲ್ಲ. ಗೊಬ್ಬರವಾದರೆ ಇದರಿಂದ ಕೆಳಗಿನವನಿಗೆ ಲಾಭ. ವಿಷವಾದರೆ ಅವನ ಮನೆಯವರೆಲ್ಲರಿಗೂ ಕೇಡು.

ಕೀಟನಾಶಕಗಳಲ್ಲಿ ಕೆಲವು ಬಿಸಿಲಿಗೂ ಮಳೆಗೂ ಬೇಗನೆ ಕೆಟ್ಟು ನಿರುಪದ್ರವಿಗಳಾಗುತ್ತವೆ. ಮತ್ತೆ ಕೆಲವು ವರ್ಷಗಟ್ಟಲೆ ಕೆಡದೆ ಉಳಿಯುತ್ತವೆ. ಈ ಎರಡನೆಯ ಬಗೆಯವು ಮನುಷ್ಯರ ಶರೀರವನ್ನು ಸೇರಿದಾಗ, ವಿಶೇಷವಾಗಿ ಬೆಳೆಯುವ ಗಂಡುಮಕ್ಕಳಲ್ಲಿ, ಮುಂದೆ ಸಂತಾನವನ್ನು ಪಡೆಯುವ ಶಕ್ತಿಗೆ ಹೇಗೆ ಅಡ್ಡಿಯಾಗಬಹುದೆಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ. ಇದು ಸಭೆಯಲ್ಲಿ ಆಡಲು ಸಂಕೋಚಪಡುವ ವಿಷಯವೆಂಬುದು ನಿಜ. ಆದರೆ ಔಷಧ ಹೊಡೆಯಬೇಕೆ ಬೇಡವೆ ಎಂಬುದನ್ನು ತೀರ್ಮಾನಿಸುವವರು ಜಮೀನಿನ ಒಡೆಯರೇ ಆಗಿರುವುದರಿಂದ ಅವರಿಗೆ ಇದರ ತಿಳಿವಳಿಕೆ ಅವಶ್ಯ.

ಈ ವಿಷಗಳು ಯಾವುವು?

ಡಿ.ಡಿ.ಟಿ.ಯು ಕೀಟಗಳನ್ನು ಕೊಲ್ಲುವುದೆಂದು ಸ್ವಿಟ್ಜರ್ಲೆಂಡಿನ ಪಾಲ್ ಮುಲ್ಲರ್ ಎಂಬ ರಸಾಯನಶಾಸ್ತ್ರಜ್ಞರು 1939ರಲ್ಲಿ ಕಂಡುಹಿಡಿದರು. ಅದಕ್ಕಾಗಿ 1948ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ದೊರೆಯಿತು. ಮಲೇರಿಯದ ಸೊಳ್ಳೆಯನ್ನು ತಗ್ಗಿಸುವುದರಲ್ಲಿ ಅದು ಮಾಡಿದ ಉಪಕಾರವನ್ನು ಅಲ್ಲಗಳೆಯಲಾಗದು. ಅದರ ಹಿಂದೆಯೇ ರೈತರು ಗಮಾಕ್ಸಿನ್ ಪುಡಿ ಎಂದು ಕರೆಯುತ್ತಿದ್ದ ಬಿ.ಎಚ್.ಸಿ., ಗೆದ್ದಲಿಗೆ ಹಾಕುತ್ತಿದ್ದ ಆಲ್ಡ್ರಿನ್, ಎಂಡ್ರಿನ್, ಎಂಡೋಸಲ್ಫಾನ್ ಮುಂತಾದುವು ಬಂದುವು. ಇವೆಲ್ಲವೂ ಕ್ಲೋರಿನ್ ಕೂಡಿದ ಇಂಗಾಲದ ಸಂಯುಕ್ತಗಳು. ಕರಾವಳಿಯಲ್ಲಿ ತೆಂಗಿನ ಸುಳಿಯನ್ನು ಕೊರೆಯುವ ಕುರುವಾಯಿ ದುಂಬಿಗೆ ಬಿ.ಎಚ್.ಸಿ. ಪುಡಿಯನ್ನು ಮರಳಿನಲ್ಲಿ ಬೆರಸಿ ಗರಿಯ ಸಂದಿನಲ್ಲಿ ತುಂಬುವ ಪದ್ಧತಿಯು ಒಂದು ಕಾಲದಲ್ಲಿ ಎಲ್ಲೆಡೆ ಇದ್ದಿತು. ತೆಂಗಿನ ಕಾಯಿಯ ನುಸಿರೋಗಕ್ಕೂ ಅಡಿಕೆಯ ನುಸಿಗೂ ಉಪಯೋಗಿಸುತ್ತಿದ್ದ ಡೈಕೋಫಾಲ್ ಎಂಬುದನ್ನು ಡಿ.ಡಿ.ಟಿ.ಯಿಂದಲೇ ತಯಾರಿಸುತ್ತಿದ್ದರು, ಅದರಲ್ಲಿ ಡಿ.ಡಿ.ಟಿ.ಯ ಅಂಶವೂ ಉಳಿದಿರುತ್ತಿತ್ತು.

ಭಾರತ ಸರ್ಕಾರದವರು ಇವುಗಳನ್ನು ಒಂದೊಂದಾಗಿ ಬೇಸಾಯದಿಂದ ತೆಗೆದುಹಾಕಿರುತ್ತಾರೆ. ಡಿ.ಡಿ.ಟಿ.ಯನ್ನು 1989ರಲ್ಲಿಯೂ, ಬಿ.ಎಚ್.ಸಿ.ಯನ್ನು 1997ರಲ್ಲಿಯೂ, ಅದರ ಶುದ್ಧರೂಪವಾದ ಲಿಂಡೇನ್ ಉಪಯೋಗವನ್ನು 2013ರಲ್ಲಿಯೂ, ಡೈಕೋಫಾಲನ್ನು 2023ರಲ್ಲಿಯೂ ನಿಷೇಧಿಸಲಾಯಿತು. ಎಂಡೋಸಲ್ಫಾನನ್ನು ಸರ್ವೋಚ್ಚ ನ್ಯಾಯಾಲಯವು 2011ನೆಯ ಮೇ 13ರ ಆಜ್ಞೆಯಿಂದ ದೇಶದಲ್ಲೆಲ್ಲ ತಡೆಯಿತು. ಆದರೆ ಆಜ್ಞೆಯು ಹೊರಟ ದಿನವೇ ಮಣ್ಣಿನಲ್ಲಿದ್ದ ವಿಷವು ಮಾಯವಾಗುವುದಿಲ್ಲ. ಡಿ.ಡಿ.ಟಿ.ಯು ಮಣ್ಣಿನಲ್ಲಿ ಅರ್ಧದಷ್ಟು ಕಡಮೆಯಾಗುವುದಕ್ಕೆ ನೆಲದ ಗುಣವನ್ನನುಸರಿಸಿ 2 ವರ್ಷದಿಂದ 15 ವರ್ಷದವರೆಗೆ ಬೇಕಾಗುತ್ತದೆ. ಹಳೆಯ ದಾಸ್ತಾನು ಅಟ್ಟದ ಮೇಲೆಯೋ ಕೊಟ್ಟಿಗೆಯ ಮೂಲೆಯಲ್ಲಿಯೋ ಉಳಿದಿದ್ದರೆ ಅದು ಇನ್ನೂ ಹೆಚ್ಚು ಕಾಲ ಹಾಗೆಯೇ ಇರುತ್ತದೆ.

ಶರೀರವನ್ನು ಸೇರುವ ಬಗೆ

ಈ ವಿಷಗಳು ನೀರಿನಲ್ಲಿ ಕರಗುವುದು ಅತ್ಯಲ್ಪ; ಕೊಬ್ಬಿನಲ್ಲಿ ಕರಗುವುದು ಬಹಳ. ಇವುಗಳ ಅಪಾಯವೆಲ್ಲ ಈ ಒಂದು ಗುಣದಿಂದಲೇ ಬಂದಿದೆ. ಗದ್ದೆಯಿಂದ ಹಳ್ಳಕ್ಕೆ ಹರಿದ ಕೆಸರಿನಲ್ಲಿ ವಿಷವು ಲೇಶವಾಗಿದ್ದರೂ, ಆ ಕೆಸರಿನ ಹುಳುಗಳನ್ನು ತಿಂದ ಸಣ್ಣ ಮೀನಿನ ಕೊಬ್ಬಿನಲ್ಲಿ ಅದು ಹೆಚ್ಚಾಗುತ್ತದೆ. ಸಣ್ಣ ಮೀನನ್ನು ತಿಂದ ದೊಡ್ಡ ಮೀನಿನಲ್ಲಿ ಇನ್ನಷ್ಟು ಹೆಚ್ಚಾಗುತ್ತದೆ. ವಿಷ ಬಿದ್ದ ಹುಲ್ಲನ್ನು ಮೇದ ಹಸುವಿನ ಹಾಲಿನಲ್ಲಿ ಅದು ಬೆಣ್ಣೆಯ ಭಾಗವನ್ನು ಸೇರುತ್ತದೆ. ಇವೆಲ್ಲವುಗಳ ಕೊನೆಯಲ್ಲಿ ಉಣ್ಣುವವನು ಮನುಷ್ಯ. ಡಿ.ಡಿ.ಟಿ.ಯು ಶರೀರದಲ್ಲಿ ಡಿ.ಡಿ.ಇ. ಎಂಬ ರೂಪವನ್ನು ತಾಳಿ ಕೊಬ್ಬಿನಲ್ಲಿ ಅನೇಕ ವರ್ಷ ಉಳಿದಿರುತ್ತದೆ. ಸಿಂಪಡಿಸುವ ಆಳಿಗಾದರೋ ಚರ್ಮದ ಮೂಲಕವೂ ಉಸಿರಿನ ಮೂಲಕವೂ ನೇರವಾಗಿಯೇ ಸೇರುತ್ತದೆ. ಗರ್ಭಿಣಿಯ ರಕ್ತದಿಂದ ಅದು ಗರ್ಭದ ಶಿಶುವಿಗೂ ದಾಟುತ್ತದೆ.

ಪುರುಷನ ಶರೀರದಲ್ಲಿ ಆಗುವುದೇನು?

ವೃಷಣಗಳಿಗೆ ಎರಡು ಕೆಲಸಗಳುಂಟು. ವೀರ್ಯಾಣುಗಳನ್ನು ಉತ್ಪತ್ತಿಮಾಡುವುದು ಒಂದು. ಟೆಸ್ಟೋಸ್ಟೆರೋನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುವುದು ಮತ್ತೊಂದು. ಹುಡುಗನಿಗೆ ಮೀಸೆ ಮೂಡುವುದು, ದನಿ ಒಡೆಯುವುದು, ಮೈಕಟ್ಟು ಬಲಿಯುವುದು ಈ ಹಾರ್ಮೋನಿನಿಂದಲೇ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಲ್ಯೂಟಿನೈಸಿಂಗ್ ಹಾರ್ಮೋನನ್ನು ಕಳುಹಿಸಿ ವೃಷಣಗಳಿಂದ ಕೆಲಸ ಮಾಡಿಸುತ್ತದೆ. ವೃಷಣವು ಸರಿಯಾಗಿ ದುಡಿಯದಿದ್ದರೆ ಪಿಟ್ಯುಟರಿಯು ಹೆಚ್ಚು ಹೆಚ್ಚಾಗಿ ಆಜ್ಞೆಯನ್ನು ಕಳುಹಿಸುತ್ತದೆ. ಆದಕಾರಣ ರಕ್ತದಲ್ಲಿ ಟೆಸ್ಟೋಸ್ಟೆರೋನ್ ಕಡಮೆಯಾಗಿ ಲ್ಯೂಟಿನೈಸಿಂಗ್ ಹಾರ್ಮೋನು ಹೆಚ್ಚಾಗಿ ಕಂಡರೆ, ದೋಷವು ವೃಷಣದಲ್ಲಿಯೇ ಇರಬಹುದೆಂದು ವೈದ್ಯರು ಊಹಿಸುತ್ತಾರೆ.

ಒಂದು ವೀರ್ಯಾಣುವು ಸಿದ್ಧವಾಗುವುದಕ್ಕೆ ಸುಮಾರು 74 ದಿನಗಳು ಹಿಡಿಯುತ್ತವೆ. ಬೆಳೆದ ಗಂಡಸಿನಲ್ಲಿ ಈ ಕೆಲಸವು ಎಡೆಬಿಡದೆ ನಡೆಯುವುದರಿಂದ, ವಿಷದ ಸಂಪರ್ಕವು ತಪ್ಪಿದರೆ ಕೆಲವು ವೇಳೆ ಮತ್ತೆ ಸರಿಹೋಗುವುದುಂಟು. ಆದರೆ ವೀರ್ಯಾಣುಗಳನ್ನು ಪೋಷಿಸುವ ಸರ್ಟೋಲಿ ಎಂಬ ಕೋಶಗಳು ವೃದ್ಧಿಯಾಗುವುದು ಗರ್ಭದಲ್ಲಿರುವಾಗಲೂ, ಶೈಶವದಲ್ಲಿಯೂ, ಪ್ರಾಯಕ್ಕೆ ಬರುವ ಕಾಲದಲ್ಲಿಯೂ ಮಾತ್ರ. ಆ ಕಾಲದಲ್ಲಿ ಅವು ಕಡಮೆಯಾದರೆ ಮುಂದೆ ಆ ಕೊರತೆಯನ್ನು ತುಂಬಲು ಬರುವುದಿಲ್ಲ. ನಾಟಿಯ ಕಾಲದಲ್ಲಿ ಸಸಿ ಕಡಮೆ ನೆಟ್ಟ ಗದ್ದೆಗೆ ಆಮೇಲೆ ಎಷ್ಟು ಗೊಬ್ಬರ ಹಾಕಿದರೂ ತೆರವಾದ ಜಾಗವು ತುಂಬದಿರುವ ಹಾಗೆಯೇ ಇದು.

ಡಿ.ಡಿ.ಇ.ಯು ಗಂಡು ಹಾರ್ಮೋನು ಸೇರಬೇಕಾದ ಸ್ಥಾನವನ್ನು ತಾನು ಹಿಡಿದುಕೊಂಡು ಅದರ ಕೆಲಸವನ್ನು ತಡೆಯುತ್ತದೆಂದು 1995ರಲ್ಲಿ ಪ್ರಯೋಗಶಾಲೆಯಲ್ಲಿ ಗೊತ್ತಾಯಿತು. ತಪ್ಪು ಬೀಗದ ಕೈಯು ಬೀಗದೊಳಗೆ ಸಿಕ್ಕಿಕೊಂಡರೆ ಸರಿಯಾದ ಕೈಯನ್ನು ಹಾಕುವುದಕ್ಕಾಗುವುದಿಲ್ಲವಷ್ಟೆ.

ಪಡ್ರೆಯ ಮಕ್ಕಳು

ಈ ಸಂಗತಿಯು ದೂರದೇಶದ ಮಾತಲ್ಲ. 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ, ಈಗ ಕೇರಳದಲ್ಲಿರುವ ಕಾಸರಗೋಡು ಸೀಮೆಯಲ್ಲಿ, ಎಣ್ಮಕಜೆ ಪಂಚಾಯಿತಿಯ ಪಡ್ರೆ ಎಂಬ ಗ್ರಾಮವುಂಟು. ಅಲ್ಲಿನ ಜನರು ಕನ್ನಡವನ್ನೂ ತುಳುವನ್ನೂ ಆಡುವವರು. ಊರಿನ ಸುತ್ತಣ ಗುಡ್ಡಗಳ ಮೇಲೆ ಕೇರಳದ ಪ್ಲಾಂಟೇಷನ್ ಕಾರ್ಪೊರೇಷನ್ನಿನ ಗೇರು ತೋಪುಗಳಿವೆ. ಗೇರಿನ ಚಿಗುರನ್ನೂ ಹೂವನ್ನೂ ಒಣಗಿಸುವ ಚಹಾ ಸೊಳ್ಳೆಯ ನಿವಾರಣೆಗಾಗಿ ಅಲ್ಲಿ 20 ವರ್ಷಕ್ಕೂ ಹೆಚ್ಚು ಕಾಲ, ವರ್ಷಕ್ಕೆ ಮೂರು ಸಲದಂತೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಸಲಾಗುತ್ತಿತ್ತು. ಗೇರು ಗುಡ್ಡದ ಮೇಲೆ. ಮನೆ, ಶಾಲೆ, ನೀರಿನ ಸುರಂಗ ಮತ್ತು ತೊರೆಗಳು ಕೆಳಗೆ. ಸಂತೆಗುಳಿಯ ನೆಲದ ಏರ್ಪಾಡೇ ಅಲ್ಲಿಯೂ ಇದ್ದಿತೆಂದು ವಾಚಕರು ಗಮನಿಸಬೇಕು.

ಊರಿನಲ್ಲಿ ಅಂಗವಿಕಲವಾದ ಕರುಗಳು ಹುಟ್ಟುತ್ತಿರುವುದನ್ನು ಕೃಷಿ ಪತ್ರಕರ್ತರಾದ ಶ್ರೀ ಪಡ್ರೆಯವರು 1979ರಷ್ಟು ಹಿಂದೆಯೇ ಬರೆದು ತಿಳಿಸಿದರು. ವಾಣಿನಗರದಲ್ಲಿ ವೈದ್ಯವೃತ್ತಿಯಲ್ಲಿದ್ದ ಡಾಕ್ಟರ್ ವೈ.ಎಸ್. ಮೋಹನಕುಮಾರರು, ಒಂದೇ ಪ್ರದೇಶದಲ್ಲಿ ಬುದ್ಧಿಮಾಂದ್ಯ, ಮೂರ್ಛೆ ಮತ್ತು ಹುಟ್ಟು ಊನಗಳು ಹೆಚ್ಚಾಗಿರುವುದನ್ನು ಕಂಡು ಎಚ್ಚರಿಕೆಯನ್ನು ಕೊಟ್ಟರು. ಪೆರಿಯದಲ್ಲಿ ಕೃಷಿ ಇಲಾಖೆಯ ಸಹಾಯಕಿಯಾಗಿದ್ದ ಲೀಲಾಕುಮಾರಿ ಅಮ್ಮನವರು 1998ರಲ್ಲಿ ನ್ಯಾಯಾಲಯಕ್ಕೆ ಹೋದರು. 2000ದ ಕೊನೆಯ ಸಿಂಪಡಣೆಯ ತರುವಾಯ ಆಕಾಶದಿಂದ ವಿಷವನ್ನು ಸುರಿಸುವುದು ನಿಂತಿತು.

ಆಮೇಲೆ ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯವರು ಪಡ್ರೆಗೆ ಬಂದು 10ರಿಂದ 19 ವರ್ಷ ವಯಸ್ಸಿನ 117 ಶಾಲಾ ಬಾಲಕರನ್ನು ಪರೀಕ್ಷಿಸಿದರು. ಹೋಲಿಕೆಗಾಗಿ, ಸಿಂಪಡಣೆಯಾಗದ ಸುಮಾರು 20 ಕಿಲೋಮೀಟರ್ ದೂರದ ಊರಿನ 90 ಬಾಲಕರನ್ನೂ ಪರೀಕ್ಷಿಸಿದರು. 2003ರಲ್ಲಿ ಪ್ರಕಟವಾದ ವರದಿಯ ಮುಖ್ಯಾಂಶಗಳಿವು: ಕೊನೆಯ ಸಿಂಪಡಣೆಯಾಗಿ ತಿಂಗಳುಗಳೇ ಕಳೆದಿದ್ದರೂ ಪಡ್ರೆಯ ಬಾಲಕರ ರಕ್ತದಲ್ಲಿ ಎಂಡೋಸಲ್ಫಾನಿನ ಸರಾಸರಿಯು ನೂರು ಕೋಟಿಯಲ್ಲಿ 7.47 ಭಾಗವಿದ್ದಿತು, ದೂರದ ಊರಿನವರಲ್ಲಿ 1.37 ಭಾಗ. ವಿಷವು ಹೆಚ್ಚಿದ್ದವರಲ್ಲಿ ಪ್ರಾಯದ ಲಕ್ಷಣಗಳು ತಡವಾಗಿ ಮೂಡುತ್ತಿದ್ದುವು. ಟೆಸ್ಟೋಸ್ಟೆರೋನ್ ತಗ್ಗಿದ್ದಿತು, ಲ್ಯೂಟಿನೈಸಿಂಗ್ ಹಾರ್ಮೋನು ಏರಿದ್ದಿತು. ವೃಷಣವು ಕೆಳಗಿಳಿಯದಿರುವುದು ಮುಂತಾದ ಹುಟ್ಟು ದೋಷಗಳೂ ಪಡ್ರೆಯಲ್ಲಿ ಹೆಚ್ಚಾಗಿ ಕಂಡುವು. ಆದರೆ ಇವುಗಳ ಸಂಖ್ಯೆಯು ಅಲ್ಪವಾದುದರಿಂದ ಅದು ಖಂಡಿತವೆಂದು ಹೇಳಲಾಗಲಿಲ್ಲ. ಸದರಿ ವರದಿಯ ವಿಧಾನದ ಮೇಲೆ ಕೆಲವರು ಆಕ್ಷೇಪಣೆಗಳನ್ನು ಎತ್ತಿದರು. ವರದಿಗಾರರು ಅವುಗಳಿಗೆ ಉತ್ತರವನ್ನು ಕೊಟ್ಟರು. ಅದೇನೇ ಇರಲಿ, 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಜಿನೀವಾದಲ್ಲಿ ಸೇರಿ, ಎಂಡೋಸಲ್ಫಾನನ್ನು ಲೋಕದಿಂದಲೇ ತೆಗೆಯತಕ್ಕ ವಿಷಗಳ ಪಟ್ಟಿಗೆ ಸೇರಿಸಿದುವು. ಪೀಡಿತರಿಗೆ ತಲಾ 5 ಲಕ್ಷ ರೂಪಾಯಿಗಳನ್ನು ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2017ರ ಜನವರಿಯಲ್ಲಿ ಕೇರಳ ಸರ್ಕಾರಕ್ಕೆ ಆಜ್ಞಾಪಿಸಿತು.

ಕರ್ನಾಟಕದಲ್ಲಿಯೂ ಗೇರು ಅಭಿವೃದ್ಧಿ ನಿಗಮದ ತೋಪುಗಳಿಗೆ ಇದೇ ವಿಷವನ್ನು ಸಿಂಪಡಿಸಲಾಗಿತ್ತು. ಬೆಳ್ತಂಗಡಿ ತಾಲೂಕಿನ ಕೊಕ್ಕಡದ ಸುತ್ತಣ ಊರುಗಳ ಕಷ್ಟವು ಎಲ್ಲರಿಗೂ ತಿಳಿದಿದೆ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಈ ಮೂರು ಜಿಲ್ಲೆಗಳಲ್ಲಿಯೂ ಪೀಡಿತರನ್ನು ಗುರುತಿಸಿ ಸರ್ಕಾರದವರು ಮಾಸಾಶನವನ್ನು ಏರ್ಪಡಿಸಿರುತ್ತಾರೆ. ಅವರಲ್ಲಿ ಕುಮಟಾ, ಹೊನ್ನಾವರ, ಭಟ್ಕಳ ತಾಲೂಕುಗಳವರೂ ಇದ್ದಾರೆ.

ಅನ್ಯದೇಶಗಳ ಎರಡು ಉದಾಹರಣೆಗಳು

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ, ಬೇರಿನ ಜಂತುಹುಳುಗಳನ್ನು ಕೊಲ್ಲುವ ಡಿ.ಬಿ.ಸಿ.ಪಿ. ಎಂಬ ಔಷಧವನ್ನು ತಯಾರಿಸುವ ಕಾರ್ಖಾನೆಯೊಂದಿತ್ತು. ತಮ್ಮಲ್ಲಿ ಅನೇಕರಿಗೆ ಮಕ್ಕಳಾಗುತ್ತಿಲ್ಲವೆಂಬುದು ಅಲ್ಲಿನ ಕೆಲಸಗಾರರ ಮಾತುಕತೆಯಲ್ಲಿಯೇ ಹೊರಬಿದ್ದಿತು. 1977ರಲ್ಲಿ ಪರೀಕ್ಷೆ ಮಾಡಲಾಗಿ, ಕೆಲವರಲ್ಲಿ ವೀರ್ಯಾಣುಗಳು ಸ್ವಲ್ಪವೂ ಇರಲಿಲ್ಲ; ಕೆಲವರಲ್ಲಿ ಬಹಳ ಕಡಮೆ ಇದ್ದುವು. ಕೆಲಸವನ್ನು ಬಿಟ್ಟ ಮೇಲೆ ಕೆಲವರಿಗೆ ಗುಣವಾಯಿತು. ಬಹುಕಾಲ ದುಡಿದವರಲ್ಲಿ ಎಲ್ಲರಿಗೂ ಆಗಲಿಲ್ಲ. ಈ ವಿಷವು ಕೊಬ್ಬಿನಲ್ಲಿ ಕೂಡಿಕೊಳ್ಳುವ ಜಾತಿಯದಲ್ಲವಾದರೂ ಅಂತರ್ಜಲದಲ್ಲಿ ಬಹುಕಾಲ ಉಳಿಯುತ್ತದೆ.

ಎರಡನೆಯದು ಫ್ರಾನ್ಸಿಗೆ ಸೇರಿದ ಗ್ವಾಡಲೂಪ್ ಮತ್ತು ಮಾರ್ಟಿನಿಕ್ ದ್ವೀಪಗಳದ್ದು. ಅಲ್ಲಿ ಬಾಳೆಯ ಕೊರಕ ಹುಳುವಿಗಾಗಿ ಕ್ಲೋರ್ಡೆಕೋನ್ ಎಂಬುದನ್ನು 1993ರವರೆಗೆ ಹಾಕಿದರು. ಅದನ್ನು ತಯಾರಿಸುತ್ತಿದ್ದ ಅಮೆರಿಕದ ಕಾರ್ಖಾನೆಯ ಕೆಲಸಗಾರರಲ್ಲಿ ನಡುಕವೂ ವೀರ್ಯಾಣುಗಳ ಕ್ಷೀಣತೆಯೂ 1975ರಷ್ಟು ಹಿಂದೆಯೇ ಕಂಡುಬಂದಿದ್ದುವು. ಆ ದ್ವೀಪಗಳಲ್ಲಿ ಇಂದಿಗೂ ಕೆಲವು ಹೊಲಗಳಲ್ಲಿ ಗೆಡ್ಡೆಗೆಣಸುಗಳನ್ನು ಬೆಳೆದು ತಿನ್ನುವಂತಿಲ್ಲ. ಕೆಲವು ಕಡಲಂಚಿನಲ್ಲಿ ಮೀನು ಹಿಡಿಯುವಂತಿಲ್ಲ. ಒಂದು ಹುಳುವಿಗೆ ಹಾಕಿದ ಔಷಧಕ್ಕಾಗಿ ಮುಂದಿನ ಅನೇಕ ತಲೆಮಾರುಗಳು ತೆರಬೇಕಾದ ಬೆಲೆ ಇದು.

ತಪ್ಪಾಗಿ ತಿಳಿಯಬಾರದ ಮಾತುಗಳು

ಊರಿನಲ್ಲಿ ಮಕ್ಕಳಿಲ್ಲದ ಗಂಡಸರೆಲ್ಲರಿಗೂ ಕೀಟನಾಶಕವೇ ಕಾರಣವೆಂದು ಹೇಳುವುದು ಸರಿಯಲ್ಲ. ವೃಷಣದ ರಕ್ತನಾಳಗಳ ಉಬ್ಬು, ಪ್ರಾಯದಲ್ಲಿ ಬಂದ ಮಂಗನಬಾವು, ಸಕ್ಕರೆ ಕಾಯಿಲೆ, ಹೊಗೆಸೊಪ್ಪು, ಮದ್ಯ ಮುಂತಾದ ಕಾರಣಗಳು ಅನೇಕವುಂಟು. ಒಬ್ಬನ ದೋಷಕ್ಕೆ ಇಂಥದೇ ಕಾರಣವೆಂದು ನಿಶ್ಚಯಿಸುವುದು ವೈದ್ಯರಿಗೂ ಕಷ್ಟ. ಆದರೆ ಮಕ್ಕಳಾಗದಿದ್ದರೆ ಹೆಂಡತಿಯೇ ಬಂಜೆಯೆಂದು ತೀರ್ಮಾನಿಸಿ, ಗಂಡನಿಗೆ ಎರಡನೆಯ ಸಂಬಂಧವನ್ನು ಹುಡುಕುವ ಮಾತು ಹಳ್ಳಿಗಳಲ್ಲಿ ಕೇಳಿಬರುವುದುಂಟಷ್ಟೆ. ಇದು ಅನ್ಯಾಯವೂ ಹೌದು, ಅಶಾಸ್ತ್ರೀಯವೂ ಹೌದು. ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚು ಕಡಮೆ ಅರ್ಧದಷ್ಟು ಕಡೆ, ಒಂಟಿಯಾಗಿಯೋ ಹೆಂಡತಿಯ ದೋಷದೊಡನೆ ಕೂಡಿಯೋ, ಗಂಡನಲ್ಲಿ ದೋಷವಿರುತ್ತದೆ. ಗಂಡನ ಪರೀಕ್ಷೆಯು ಸುಲಭ, ನೋವಿಲ್ಲದ್ದು, ಅಲ್ಪವೆಚ್ಚದ್ದು. ಆದಕಾರಣ ಇಬ್ಬರೂ ಜೊತೆಯಾಗಿ ವೈದ್ಯರಲ್ಲಿಗೆ ಹೋಗುವಂತೆ ಊರಿನ ಹಿರಿಯರು ಬುದ್ಧಿ ಹೇಳಬೇಕು.

ಇನ್ನೊಂದು ಮಾತು. ಹಾಲಿನಲ್ಲಿ ವಿಷವಿರಬಹುದೆಂಬ ಭಯದಿಂದ ತಾಯಿಯು ಕೂಸಿಗೆ ಮೊಲೆಹಾಲನ್ನು ನಿಲ್ಲಿಸಕೂಡದು. ಅದರಿಂದಾಗುವ ಪ್ರಯೋಜನವು ಅಪಾಯಕ್ಕಿಂತ ಬಹಳ ಹೆಚ್ಚಿನದು.

ಮುಖಂಡರೂ ಜಮೀನುದಾರರೂ ಮಾಡತಕ್ಕದ್ದು

1. ಮನೆ, ಅಟ್ಟ, ಪಂಪಿನ ಕೊಠಡಿ, ಸಹಕಾರಿ ಸಂಘದ ಹಳೆಯ ಉಗ್ರಾಣ ಇವುಗಳನ್ನು ಹುಡುಕಿಸಿ, ಡಿ.ಡಿ.ಟಿ., ಗಮಾಕ್ಸಿನ್, ಆಲ್ಡ್ರಿನ್, ಎಂಡೋಸಲ್ಫಾನ್, ಡೈಕೋಫಾಲ್ ಮೊದಲಾದ ಹಳೆಯ ದಾಸ್ತಾನು ಉಳಿದಿದ್ದರೆ ಅದನ್ನು ಮೂಲ ಡಬ್ಬಿಯಲ್ಲಿಯೇ ಬೀಗಮುದ್ರೆಯೊಳಗೆ ಇರಿಸಿ, ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸತಕ್ಕದ್ದು. ಅದನ್ನು ಹೂಳಕೂಡದು, ಸುಡಕೂಡದು, ಹಳ್ಳಕ್ಕೆ ಚೆಲ್ಲಕೂಡದು; ದುಡ್ಡು ದಂಡವಾಗುತ್ತದೆಂದು ಬೆಳೆಗೂ ಹಾಕಕೂಡದು.

2. ಖಾಲಿ ಡಬ್ಬಿಗಳನ್ನು ಮೂರು ಸಲ ತೊಳೆದು, ಆ ನೀರನ್ನು ಸಿಂಪಡಣೆಯ ಪೀಪಾಯಿಗೇ ಸುರಿದು, ಡಬ್ಬಿಗೆ ತೂತು ಮಾಡಿಡಬೇಕು. ಅಕ್ಕಿ, ಎಣ್ಣೆ, ಉಪ್ಪಿನಕಾಯಿ, ಕುಡಿಯುವ ನೀರು ಇವುಗಳಿಗೆ ಅಂತಹ ಡಬ್ಬಿಯನ್ನು ಎಂದಿಗೂ ಉಪಯೋಗಿಸಬಾರದು.

3. ಔಷಧವನ್ನು ಬೆರಸುವ ಮತ್ತು ಹೊಡೆಯುವ ಕೆಲಸಕ್ಕೆ ಹದಿನೆಂಟು ತುಂಬದ ಹುಡುಗರನ್ನೂ, ಬಸುರಿ ಬಾಣಂತಿಯರನ್ನೂ ಹಚ್ಚಕೂಡದು. ಕೂಲಿಯಾಳಿಗೆ ಕೈಚೀಲ, ಮುಖವಸ್ತ್ರ, ಮೈತುಂಬ ಬಟ್ಟೆ ಮತ್ತು ಸಾಬೂನನ್ನು ಒದಗಿಸುವುದು ಒಡೆಯನ ಹೊಣೆ. ಆ ಬಟ್ಟೆಯನ್ನು ಮನೆಯ ಬೇರೆ ಬಟ್ಟೆಗಳೊಡನೆ ಒಗೆಯಬಾರದು. ಕೂಲಿಯಾಳಿನ ಆರೋಗ್ಯವು ಕೆಟ್ಟ ಮೇಲೆ ಕೊಡುವ ಸಹಾಯಕ್ಕಿಂತ ಮೊದಲೇ ಕೊಟ್ಟ ಕೈಚೀಲವು ಮೇಲು.

4. ಬಾವಿ, ಕೆರೆ, ಅಬ್ಬಿ, ಹಳ್ಳಗಳ ಸಮೀಪದಲ್ಲಿಯೂ, ಗಾಳಿ ಬೀಸುವಾಗಲೂ, ಮಳೆ ಬರುವ ಸೂಚನೆ ಇರುವಾಗಲೂ ಸಿಂಪಡಿಸಬಾರದು.

5. ವಿಷವಿಲ್ಲದ ಉಪಾಯಗಳನ್ನು ಮೊದಲು ನೋಡಬೇಕು. ಕುರುವಾಯಿ ದುಂಬಿಯನ್ನು ಕೊಕ್ಕೆಯಿಂದ ತೆಗೆದು, ಸುಳಿಯ ಸಂದಿಗೆ ಬೇವಿನ ಹಿಂಡಿ ಮತ್ತು ಮರಳನ್ನು ಸಮಪಾಲಾಗಿ ತುಂಬಬೇಕು. ಅದು ಮೊಟ್ಟೆಯಿಡುವ ಗೊಬ್ಬರದ ಗುಂಡಿಗೆ ಮೆಟರೈಜಿಯಂ ಎಂಬ ಹಸುರು ಬೂಷ್ಟನ್ನು ಬೆರಸಬೇಕು. ಅಡಿಕೆಯ ಬೇರುಹುಳದ ದುಂಬಿಗಳು ಮುಂಗಾರಿನ ಮೊದಲ ಮಳೆಗೆ ಸಂಜೆಯ ಹೊತ್ತು ಮೇಲೇಳುವಾಗ ಊರವರು ಒಟ್ಟಾಗಿ ಹಿಡಿದು ನಾಶಮಾಡಬೇಕು. ಗೇರಿನ ಮೇಲಿರುವ ಕೆಂಪು ಚಗಳಿ ಇರುವೆಗಳು ಚಹಾ ಸೊಳ್ಳೆಯನ್ನು ಬೇಟೆಯಾಡುತ್ತವಾದುದರಿಂದ ಅವುಗಳ ಗೂಡನ್ನು ಕೀಳಬಾರದು. ಅಡಿಕೆಯ ಕೊಳೆರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣವು, ಎಂದರೆ 100 ಲೀಟರ್ ನೀರಿಗೆ ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ, ಎಂದಿನಂತೆ ಯೋಗ್ಯವಾದುದು. ಅದು ಈ ಲೇಖನದಲ್ಲಿ ಹೇಳಿದ ವಿಷಗಳ ಜಾತಿಗೆ ಸೇರಿದುದಲ್ಲ. ಆದರೂ ಅದರ ತಾಮ್ರವು ಮಣ್ಣಿನಲ್ಲಿ ಉಳಿಯುವುದರಿಂದ ಅಳತೆಯನ್ನು ಮೀರಬಾರದು.

6. ಗಂಡುಕೂಸಿಗೆ ಆರು ತಿಂಗಳಾದರೂ ವೃಷಣವು ಚೀಲಕ್ಕೆ ಇಳಿಯದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕೆಂದು ಮನೆಮನೆಗೂ ತಿಳಿಸಬೇಕು. ಸಕಾಲದಲ್ಲಿ ಶಸ್ತ್ರಚಿಕಿತ್ಸೆಯಾದರೆ ಸಂತಾನಶಕ್ತಿಯು ಉಳಿಯುವ ಸಂಭವ ಹೆಚ್ಚು.

7. ಕರುಗಳಲ್ಲಿ ಊನ, ಮೀನುಗಳ ಸಾವು, ಜೇನುಹುಳುಗಳ ನಾಶ ಇವು ಒಂದೇ ಪ್ರದೇಶದಲ್ಲಿ ಮತ್ತೆ ಮತ್ತೆ ಕಂಡರೆ, ದೈವದ ಮುನಿಸೆಂದು ಸುಮ್ಮನಿರದೆ, ದಿನಾಂಕ ಸಹಿತ ಬರೆದಿಟ್ಟು ಪಂಚಾಯಿತಿಯ ಮೂಲಕ ಕೃಷಿ ಹಾಗೂ ಆರೋಗ್ಯ ಇಲಾಖೆಗಳಿಗೆ ತಿಳಿಸತಕ್ಕದ್ದು. ಪಡ್ರೆಯಲ್ಲಿ ಕರುಗಳ ಸುದ್ದಿಯು ಪತ್ರಿಕೆಯಲ್ಲಿ ಬಂದುದಕ್ಕೂ ಹೆಲಿಕಾಪ್ಟರ್ ನಿಂತುದಕ್ಕೂ ನಡುವೆ 20 ವರ್ಷಗಳು ಕಳೆದುವು. ಆ ನಡುವೆ ಹುಟ್ಟಿದ ಮಕ್ಕಳು ಪ್ರಾಯಕ್ಕೆ ಬಂದಿದ್ದರು.

ಬೆಳೆಯ ನಷ್ಟವನ್ನು ಮುಂದಿನ ವರ್ಷದ ಬೆಳೆಯಲ್ಲಿ ತುಂಬಿಕೊಳ್ಳಬಹುದು. ಗರ್ಭದಲ್ಲಿಯೂ ಪ್ರಾಯದ ಕಾಲದಲ್ಲಿಯೂ ಆದ ನಷ್ಟಕ್ಕೆ ಮುಂದಿನ ವರ್ಷವೆಂಬುದಿಲ್ಲ. ಆದುದರಿಂದ ಮುಂಗಾರು ಹಿಡಿಯುವುದಕ್ಕೆ ಮೊದಲೇ ಪ್ರತಿಯೊಂದು ಗ್ರಾಮದಲ್ಲಿಯೂ ಮೇಲ್ಕಂಡ ಒಂದನೆಯ ಸೂಚನೆಯಂತೆ ಹಳೆಯ ದಾಸ್ತಾನಿನ ಪಟ್ಟಿಯನ್ನು ತಯಾರಿಸುವುದು ಒಳ್ಳೆಯದು.